ಮಗ ಬಿಟ್ಟುಹೋದ ಕಂಪ್ಯೂಟರನ್ನು ವಿಜ್ಞಾನ ಸಂಶೋಧನೆಗೆ ದುಡಿಸಬಹುದೇ?

ಕ್ಯಾತ್ಸಂದ್ರದ ಮೇಷ್ಟ್ರು, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಿ ನಿವೃತ್ತನಾದವನು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಮೇಲೆ ಅವನ ಡೆಸ್ಕ್‌ಟಾಪ್ ಕಂಪ್ಯೂಟರ್ ಇಲ್ಲಿಯೇ ಉಳಿದಿದೆ. ಅದರಲ್ಲಿ ಆರು ಕೋರ್‌ಗಳ ಪ್ರೊಸೆಸರ್, 16 ಜಿಬಿ ಮೆಮೊರಿ ಮತ್ತು ಅವನು ಆಟಗಳಿಗೆಂದು ಹಾಕಿಸಿಕೊಂಡಿದ್ದ ಗ್ರಾಫಿಕ್ಸ್ ಕಾರ್ಡ್ ಇವೆ. ನಾನು ಅದರ ಮುಂದೆ ಕೂರುವುದು ದಿನಕ್ಕೆ ಹೆಚ್ಚೆಂದರೆ ಎರಡು ಗಂಟೆ. ಆ ಹೊತ್ತಿನಲ್ಲೂ ಪತ್ರಿಕೆ ಓದುವುದು, ಒಂದೆರಡು ಪತ್ರ ಟೈಪು ಮಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಗದ್ದೆ ಉಳಬೇಕಾದ ಎತ್ತನ್ನು ಗೂಟಕ್ಕೆ ಕಟ್ಟಿಹಾಕಿ ಮೇವು ಹಾಕುತ್ತಿದ್ದೇನೆ ಎಂದು ಎಷ್ಟೋ ಸಲ ಅನ್ನಿಸುತ್ತದೆ.

ಮನೆಮನೆಯ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ಒಟ್ಟುಗೂಡಿಸಿ ಖಗೋಳ ವಿಜ್ಞಾನಕ್ಕೂ ಔಷಧ ಸಂಶೋಧನೆಗೂ ಬಳಸುವ ಯೋಜನೆಗಳಿವೆ ಎಂದು ಓದಿದ್ದೇನೆ. ಸೇರುವ ಮನಸ್ಸಿದೆ, ಆದರೆ ಸಂಶಯಗಳು ಹಲವು. ನನ್ನ ಒಂದು ಕಂಪ್ಯೂಟರಿನಿಂದ ನಿಜವಾಗಿ ಏನಾದರೂ ಆಗುತ್ತದೆಯೇ, ಅಥವಾ ಇದು ಮನಸ್ಸಿನ ಸಮಾಧಾನಕ್ಕಷ್ಟೆಯೇ? ನಮ್ಮ ಬಡಾವಣೆಯಲ್ಲಿ ದಿನಕ್ಕೊಮ್ಮೆಯಾದರೂ ಕರೆಂಟು ಹೋಗುತ್ತದೆ. ಅರ್ಧಕ್ಕೆ ನಿಂತ ಲೆಕ್ಕ ಹಾಳಾಗುತ್ತದೆಯೇ? ಹೊರಗಿನವರ ಪ್ರೋಗ್ರಾಮನ್ನು ಮನೆಯ ಕಂಪ್ಯೂಟರಿನಲ್ಲಿ ಹಗಲಿರುಳು ನಡೆಯಲು ಬಿಡುವುದು ಸುರಕ್ಷಿತವೇ? ಕೊನೆಯದಾಗಿ, ಮನೆಯವಳು ಕೇಳಿದ ಪ್ರಶ್ನೆಯನ್ನು ಹಾಗೆಯೇ ಇಲ್ಲಿ ಇಡುತ್ತೇನೆ: ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿರುವ ಬಿಲ್ಲು ಸೊನ್ನೆಯಾಗಿಯೇ ಉಳಿಯುತ್ತದೆಯೇ? ನಮ್ಮ ಹಳೆಯ ಸರಾಸರಿ 92 ಯೂನಿಟ್. ಈಗ ತಿಂಗಳಿಗೆ 86ರಿಂದ 90 ಯೂನಿಟ್ ಖರ್ಚಾಗುತ್ತಿದೆ.

---

ಉತ್ತರ ಪಿನಾಕಿನಿ, ಗೌರಿಬಿದನೂರು

ಮೇಷ್ಟ್ರೇ, ನಮಸ್ಕಾರ. ನಾನು ಈ ಕೆಲಸಕ್ಕೆ ಬಂದದ್ದು ಸೆಟಿ ಅಟ್ ಹೋಮ್ ಕಾಲದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದವರು 1999ರ ಮೇ 17ರಂದು ಆರಂಭಿಸಿದ ಯೋಜನೆ ಅದು. ಪೋರ್ಟೊರಿಕೊದ ಅರೆಸಿಬೊದಲ್ಲಿದ್ದ 305 ಮೀಟರ್ ಅಗಲದ ರೇಡಿಯೊ ದೂರದರ್ಶಕ ಆಕಾಶದಿಂದ ಹಿಡಿದ ಸಂಕೇತಗಳನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಅನ್ಯಲೋಕದ ಜೀವಿಗಳು ಕಳಿಸಿರಬಹುದಾದ ಸಂದೇಶವೇನಾದರೂ ಅವುಗಳಲ್ಲಿದೆಯೇ ಎಂದು ಹುಡುಕಲು ಲಕ್ಷಾಂತರ ಮನೆಗಳಿಗೆ ಹಂಚುತ್ತಿದ್ದರು. ಒಂದು ತುಂಡಿನಲ್ಲಿ 107 ಸೆಕೆಂಡುಗಳ ಸಂಕೇತವಿರುತ್ತಿತ್ತು, ಗಾತ್ರ ಸುಮಾರು 340 ಕಿಲೋಬೈಟ್. ಟೆಲಿಫೋನ್ ತಂತಿಯ ಇಂಟರ್ನೆಟ್ಟಿನಲ್ಲಿ ಅದನ್ನು ಇಳಿಸಿಕೊಂಡು, ನನ್ನ ಆಗಿನ ಕಂಪ್ಯೂಟರಿಗೆ ಕೊಟ್ಟು ಎರಡು ದಿನ ಕಾಯುತ್ತಿದ್ದೆ. ತೆರೆಯ ಮೇಲೆ ಬಣ್ಣಬಣ್ಣದ ಗೋಪುರಗಳು ಏಳುತ್ತಿದ್ದುದನ್ನು ನೋಡಲು ಪಕ್ಕದ ಮನೆಯ ಮಕ್ಕಳು ಬಂದು ನಿಲ್ಲುತ್ತಿದ್ದರು. ಅನ್ಯಲೋಕದವರು ಸಿಗಲಿಲ್ಲ. 2020ರ ಮಾರ್ಚ್ 31ರ ಹೊತ್ತಿಗೆ, ಬೇಕಾದಷ್ಟು ಲೆಕ್ಕ ಆಗಿದೆ, ಇನ್ನು ಬಂದಿರುವ ಫಲಿತಾಂಶಗಳನ್ನು ಸೋಸುವುದೇ ಕೆಲಸ ಎಂದು ಹೊಸ ತುಂಡುಗಳನ್ನು ಹಂಚುವುದನ್ನು ನಿಲ್ಲಿಸಿದರು.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ನಮ್ಮ ಊರಿನ ಹತ್ತಿರವೇ 1976ರಿಂದ ಒಂದು ರೇಡಿಯೊ ವೀಕ್ಷಣಾಲಯ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕೂಡಿ ಕಟ್ಟಿದ್ದು. ಬಯಲಿನಲ್ಲಿ ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ನೆಟ್ಟ ಸಾವಿರ ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸುತ್ತಿದ್ದವು. ಹಸು ಹೊಡೆದುಕೊಂಡು ಹೋಗುವವರಿಗೆ ಅವು ಬಟ್ಟೆ ಒಣಹಾಕುವ ಗಳುಗಳಂತೆ ಕಾಣುತ್ತವೆ. ಅರೆಸಿಬೊದ ಸಂಕೇತ ನನ್ನ ಮನೆಗೆ ಬಂದಾಗ ನನಗೆ ಅದು ಪರದೇಶದ ವಸ್ತು ಎನ್ನಿಸದೆ ಇದ್ದುದಕ್ಕೆ ಈ ಗಳುಗಳೇ ಕಾರಣವಿರಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಂದು ಹೆಚ್ಚಿನ ಯೋಜನೆಗಳು ನಡೆಯುವುದು ಬೋಯಿಂಕ್ ಎಂಬ ಉಚಿತ ತಂತ್ರಾಂಶದ ಮೂಲಕ, ಅದೂ ಬರ್ಕ್ಲಿಯದೇ. ಕೆಲಸದ ರೀತಿ ಶಿಡ್ಲಘಟ್ಟದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಾಕಿ ಕೇಂದ್ರದವರು ಎಳೆಯ ರೇಷ್ಮೆ ಹುಳುಗಳನ್ನು ಮನೆಮನೆಗೆ ಹಂಚುತ್ತಾರೆ, ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಸಾಕಿ, ಗೂಡಾದ ಮೇಲೆ ಮಾರುಕಟ್ಟೆಗೆ ತರುತ್ತಾರೆ. ಇಲ್ಲಿಯೂ ಸರ್ವರ್ ಒಂದು ಲೆಕ್ಕವನ್ನೂ ಅದನ್ನು ಮಾಡುವ ಪ್ರೋಗ್ರಾಮನ್ನೂ ಕಳಿಸುತ್ತದೆ, ನಿಮ್ಮ ಕಂಪ್ಯೂಟರು ಲೆಕ್ಕ ಮುಗಿಸಿ ಗಡುವಿನೊಳಗೆ ಉತ್ತರವನ್ನು ಮರಳಿಸುತ್ತದೆ. ಗಡುವು ಯೋಜನೆಯಿಂದ ಯೋಜನೆಗೆ ಬೇರೆ. ಸಾಮಾನ್ಯವಾಗಿ ಒಂದೆರಡು ವಾರ. ನೀವು ಗಡುವು ತಪ್ಪಿಸಿದರೆ ಅದೇ ತುಂಡು ಮತ್ತೊಬ್ಬರಿಗೆ ಹೋಗುತ್ತದೆ. ಅದರಿಂದ ಯಾರೂ ಮುಳುಗುವುದಿಲ್ಲ, ಆದರೆ ಕೆಲಸ ಹಿಂದೆ ಬೀಳುತ್ತದೆ. ಆದ್ದರಿಂದ ಅತಿ ವೇಗದ ಯಂತ್ರಕ್ಕಿಂತ, ಒಪ್ಪಿಕೊಂಡಷ್ಟನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸುವ ಯಂತ್ರವೇ ಅವರಿಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅನುಭವ.

ಯಾರದೋ ಮನೆಯ ಕಂಪ್ಯೂಟರು ಹೇಳಿದ ಉತ್ತರವನ್ನು ವಿಜ್ಞಾನಿಗಳು ಹೇಗೆ ನಂಬುತ್ತಾರೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಅನೇಕ ಯೋಜನೆಗಳು ಒಂದೇ ತುಂಡನ್ನು ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರಿಗೆ ಕಳಿಸಿ, ಎರಡೂ ಉತ್ತರಗಳು ತಾಳೆಯಾದರೆ ಮಾತ್ರ ಸ್ವೀಕರಿಸುತ್ತವೆ. ತಾಳೆಯಾಗದಿದ್ದರೆ ಮೂರನೆಯವರಿಗೆ ಕಳಿಸುತ್ತವೆ. ಬಹುಕಾಲ ಸರಿಯಾದ ಉತ್ತರಗಳನ್ನೇ ಕೊಟ್ಟ ಯಂತ್ರಗಳಿಗೆ ಕೆಲವರು ಈ ತಪಾಸಣೆಯನ್ನು ಸಡಿಲಿಸುವುದೂ ಉಂಟು.

ಒಂದು ಕಂಪ್ಯೂಟರಿನಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಐನ್‌ಸ್ಟೈನ್ ಅಟ್ ಹೋಮ್ ಎಂಬ ಯೋಜನೆ 2005ರಲ್ಲಿ ಆರಂಭವಾಯಿತು. ತಿರುಗುವ ನ್ಯೂಟ್ರಾನ್ ನಕ್ಷತ್ರಗಳಿಂದ ಎಡೆಬಿಡದೆ ಬರಬಹುದಾದ ಗುರುತ್ವ ಅಲೆಗಳನ್ನು ಹುಡುಕುವುದು ಅದರ ಮೂಲ ಉದ್ದೇಶ; ಅದರ ಜೊತೆಗೆ ರೇಡಿಯೊ ಮತ್ತು ಗಾಮಾ ಕಿರಣಗಳ ದತ್ತಾಂಶದಲ್ಲಿ ಪಲ್ಸಾರುಗಳನ್ನೂ, ಎಂದರೆ ತಿರುಗುತ್ತ ಮಿಡಿತದಂತೆ ಸಂಕೇತ ಕಳಿಸುವ ನ್ಯೂಟ್ರಾನ್ ನಕ್ಷತ್ರಗಳನ್ನೂ, ಹುಡುಕುತ್ತಾರೆ. 2010ರಲ್ಲಿ ಅದರ ಮೂಲಕ ಮೊದಲ ರೇಡಿಯೊ ಪಲ್ಸಾರ್ ಸಿಕ್ಕಿತು. ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ನಕ್ಷತ್ರ ಅದು. ಸಂಕೇತವನ್ನು ಹಿಡಿದದ್ದು ಅಮೆರಿಕದ ಐಯೊವಾ ರಾಜ್ಯದ ಒಂದು ದಂಪತಿಯ ಕಂಪ್ಯೂಟರು ಮತ್ತು ಜರ್ಮನಿಯ ಮೈಂಟ್ಸ್ ನಗರದ ಒಬ್ಬರ ಕಂಪ್ಯೂಟರು. ವಿಜ್ಞಾನ ಲೇಖನದಲ್ಲಿ ಅವರ ಹೆಸರುಗಳಿವೆ. ಇಬ್ಬರು ಬೇರೆ ಬೇರೆ ಖಂಡದವರು, ಒಂದೇ ತುಂಡು. ತಾಳೆ ನೋಡುವುದೆಂದರೆ ಇದೇ. ಆದರೆ ಆ ಹೊತ್ತಿಗೆ ಏನೂ ಇಲ್ಲ ಎಂಬ ಉತ್ತರವನ್ನು ಕಳಿಸಿದ ಲಕ್ಷಾಂತರ ಕಂಪ್ಯೂಟರುಗಳಿದ್ದವು, ನಿಮ್ಮದೂ ನನ್ನದೂ ಬಹುಪಾಲು ಆ ಗುಂಪಿನಲ್ಲಿಯೇ ಇರುತ್ತವೆ ಎಂಬುದನ್ನು ತಿಳಿದೇ ಸೇರಬೇಕು. ಇಲ್ಲ ಎಂಬುದೂ ಒಂದು ಉತ್ತರವೇ. ಗಣಿತ ಕಲಿಸಿದ ನಿಮಗೆ ನಾನು ಹೇಳಬೇಕಾದ್ದೇನಲ್ಲ.

ಕರೆಂಟಿನ ವಿಷಯ: ಪ್ರೋಗ್ರಾಮುಗಳು ಆಗಾಗ್ಗೆ ತಾವು ಎಲ್ಲಿಯವರೆಗೆ ಬಂದಿದ್ದೇವೆ ಎಂಬುದನ್ನು ಡಿಸ್ಕಿನಲ್ಲಿ ಬರೆದಿಡುತ್ತವೆ, ಕರೆಂಟು ಮರಳಿದಾಗ ಅಲ್ಲಿಂದ ಮುಂದುವರಿಸುತ್ತವೆ. ಕಳೆದುಹೋಗುವುದು ಸಾಮಾನ್ಯವಾಗಿ ಕೆಲವು ನಿಮಿಷಗಳ ಲೆಕ್ಕ. ಆದರೆ ಎಲ್ಲ ಯೋಜನೆಗಳೂ ಹೀಗಿಲ್ಲ. ಆಕ್ಸ್‌ಫರ್ಡಿನವರ ಹವಾಮಾನ ಯೋಜನೆಯ ತುಂಡುಗಳು ದಿನಗಟ್ಟಲೆ ನಡೆಯುತ್ತವೆ, ಥಟ್ಟನೆ ಯಂತ್ರ ನಿಂತರೆ ಕೆಲವು ಕೆಡುತ್ತವೆ. ಯುರೋಪಿನ ಸರ್ನ್ ಸಂಸ್ಥೆಯ ಕಣ ಭೌತವಿಜ್ಞಾನದ ಯೋಜನೆಯಾದ ಎಲ್‌ಎಚ್‌ಸಿ ಅಟ್ ಹೋಮ್‌ನ ಕೆಲವು ಕೆಲಸಗಳು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸಿಕೊಂಡು ನಡೆಯುವುದರಿಂದ ಅವಕ್ಕೂ ಕರೆಂಟು ಹೋಗುವುದೆಂದರೆ ಆಗದು. ನೀವು ಇವೆರಡನ್ನು ಸದ್ಯಕ್ಕೆ ಬಿಟ್ಟು ಐನ್‌ಸ್ಟೈನ್‌ನಿಂದ ಆರಂಭಿಸಿ. ಯಾವುದನ್ನೂ ಆಯ್ಕೆ ಮಾಡಲಾಗದಿದ್ದರೆ ಸೈನ್ಸ್ ಯುನೈಟೆಡ್ ಎಂಬ ವ್ಯವಸ್ಥೆಯಿದೆ. ಅಲ್ಲಿ ಖಗೋಳ, ಔಷಧ, ಗಣಿತ ಎಂದು ವಿಷಯವನ್ನಷ್ಟೇ ಗುರುತು ಮಾಡಿದರೆ ಯೋಜನೆಗಳನ್ನು ಅದೇ ಹೊಂದಿಸುತ್ತದೆ.

ಸುರಕ್ಷತೆಯ ವಿಷಯದಲ್ಲಿ: ತಂತ್ರಾಂಶವನ್ನು ಬರ್ಕ್ಲಿಯ ಅಧಿಕೃತ ತಾಣದಿಂದಲ್ಲದೆ ಬೇರೆಲ್ಲಿಂದಲೂ ಇಳಿಸಿಕೊಳ್ಳಬೇಡಿ. ಯೋಜನೆಗಳು ಕಳಿಸುವ ಪ್ರೋಗ್ರಾಮುಗಳಿಗೆ ಡಿಜಿಟಲ್ ಸಹಿ ಇರುತ್ತದೆ, ಸಹಿ ಸರಿಯಿಲ್ಲದಿದ್ದರೆ ಬೋಯಿಂಕ್ ಅದನ್ನು ನಡೆಸುವುದಿಲ್ಲ. ಇಷ್ಟಾದರೂ ಯೋಜನೆ ನಡೆಸುವವರ ಮೇಲೆ ನೀವು ನಂಬಿಕೆ ಇಡುತ್ತಿದ್ದೀರಿ ಎಂಬುದು ಸುಳ್ಳಲ್ಲ. ಬ್ಯಾಂಕಿನ ಕೆಲಸ ಮಾಡುವ ಕಂಪ್ಯೂಟರಾಗಿದ್ದರೆ ಇದಕ್ಕೆ ಬೇರೆ ಬಳಕೆದಾರರ ಖಾತೆ ತೆರೆಯಿರಿ, ಯೋಜನೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ನಿಮ್ಮ ಕಂಪ್ಯೂಟರಿನ ಬಿಡುವಿಗೆ ದಿನಕ್ಕಿಷ್ಟು ಹಣ ಕೊಡುತ್ತೇವೆ ಎಂದು ಮೊಬೈಲಿಗೆ ಬರುವ ಸಂದೇಶಗಳು ಇದಲ್ಲ, ಅವುಗಳಿಂದ ದೂರವಿರಿ. ಇಲ್ಲಿ ಸಿಗುವುದು ಅಂಕಗಳು ಮಾತ್ರ, ಅವುಗಳಿಂದ ಒಂದು ಲೋಟ ಕಾಫಿಯೂ ಬರುವುದಿಲ್ಲ.

---

ಕೋಲಾರದ ಲೆಕ್ಕಿಗ

ಮೇಲಿನವರು ಎಲ್ಲವನ್ನೂ ಹೇಳಿ ಮೇಷ್ಟ್ರ ಮನೆಯವರ ಪ್ರಶ್ನೆಯನ್ನು ಮಾತ್ರ ಬಿಟ್ಟಿದ್ದಾರೆ. ಅದೇ ಮುಖ್ಯವಾದ ಪ್ರಶ್ನೆ ಎಂದು ನನಗೆ ತೋರುತ್ತದೆ. ಇದನ್ನು ಅಳಿಲು ಸೇವೆ ಎಂದು ಕರೆಯುವವರಿದ್ದಾರೆ. ಅಳಿಲಿಗೆ ಬೆಸ್ಕಾಂ ಬಿಲ್ಲು ಬರುತ್ತಿರಲಿಲ್ಲ.

ಬಿಡುವಿನ ಶಕ್ತಿ ಎಂಬ ಮಾತೇ ದಾರಿ ತಪ್ಪಿಸುವಂಥದು. ಪ್ರೊಸೆಸರ್ ಸುಮ್ಮನಿರುವಾಗ ಕಡಿಮೆ ವಿದ್ಯುತ್ತನ್ನು ಎಳೆಯುತ್ತದೆ, ದುಡಿಯುವಾಗ ಹೆಚ್ಚು ಎಳೆಯುತ್ತದೆ. ಸುಮ್ಮನಿರುವ ಡೆಸ್ಕ್‌ಟಾಪ್ 50 ವ್ಯಾಟ್ ಎಳೆಯುತ್ತದೆ, ಎಲ್ಲ ಕೋರ್‌ಗಳೂ ದುಡಿಯುವಾಗ 130 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. ಹೇಗಿದ್ದರೂ ಆನ್ ಆಗಿರುವ ಕಂಪ್ಯೂಟರಾದರೆ ಹೆಚ್ಚುವರಿ ಖರ್ಚು 80 ವ್ಯಾಟ್. ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 19 ಯೂನಿಟ್. ಆದರೆ ಮೇಷ್ಟ್ರ ಕಂಪ್ಯೂಟರ್ ಎರಡು ಗಂಟೆಯ ನಂತರ ಆಫ್ ಆಗುವಂಥದು. ಇದಕ್ಕೆಂದೇ ಆನ್ ಇಟ್ಟರೆ ಪೂರ್ತಿ 130 ವ್ಯಾಟ್ ಲೆಕ್ಕಕ್ಕೆ ಬರುತ್ತದೆ. ಎಂಟು ಗಂಟೆಗೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು, ತಿಂಗಳಿಗೆ 31 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 186 ರೂಪಾಯಿ. ಇನ್ನು ಗ್ರಾಫಿಕ್ಸ್ ಕಾರ್ಡು 200 ವ್ಯಾಟಿನದಾಗಿದ್ದು ಹಗಲಿರುಳು ನಡೆದರೆ ಅದೊಂದೇ ತಿಂಗಳಿಗೆ 144 ಯೂನಿಟ್ ತಿನ್ನುತ್ತದೆ. ಹಾಗಾಗಿ ನೀವು ದಾನ ಮಾಡುತ್ತಿರುವುದು ಕಂಪ್ಯೂಟರಿನ ಬಿಡುವನ್ನಲ್ಲ, ವಿದ್ಯುತ್ತನ್ನು. ಗೊತ್ತಿದ್ದು ಮಾಡಿದರೆ ಆಕ್ಷೇಪವಿಲ್ಲ.

ಗೃಹಜ್ಯೋತಿಯ ಲೆಕ್ಕ ಹೀಗಿದೆ. 2022-23ರ ನಿಮ್ಮ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿದಷ್ಟು ನಿಮ್ಮ ಉಚಿತ ಮಿತಿ. 92ಕ್ಕೆ 9 ಸೇರಿದರೆ 101. ನೀವು ಈಗ 86ರಿಂದ 90 ಬಳಸುತ್ತಿರುವುದರಿಂದ ಉಳಿದಿರುವ ಜಾಗ 11ರಿಂದ 15 ಯೂನಿಟ್ ಮಾತ್ರ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ಕಟ್ಟಬೇಕು. ಗ್ರಾಫಿಕ್ಸ್ ಕಾರ್ಡನ್ನು ಹಗಲಿರುಳು ಬಿಟ್ಟರೆ ನೀವು ಮೊದಲ ತಿಂಗಳೇ ಆ ಗೆರೆಯನ್ನು ದಾಟುತ್ತೀರಿ.

ನನ್ನ ಕಥೆಯನ್ನೂ ಹೇಳುತ್ತೇನೆ. ಕೊರೊನಾ ಬಂದ ವರ್ಷ ಮನೆಯಲ್ಲೇ ಇದ್ದೆ, ಉತ್ಸಾಹವಿತ್ತು. ಎಲ್ಲ ಕೋರ್‌ಗಳನ್ನೂ ಶೇಕಡಾ 100ಕ್ಕೆ ಇಟ್ಟು, ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ಏಪ್ರಿಲ್ ತಿಂಗಳು ಪೂರ್ತಿ ಓಡಿಸಿದೆ. ಫ್ಯಾನಿನ ಸದ್ದು ರಾಗಿ ಮಿಲ್ಲಿನಂತಾಯಿತು. ಮೂರನೆಯ ವಾರ ನೋಡಿದರೆ ಕಳಿಸಿದ ಉತ್ತರಗಳಲ್ಲಿ ಅರ್ಧಕ್ಕರ್ಧ ತಿರಸ್ಕೃತ. ಯಂತ್ರ ಕಾದು ತಪ್ಪು ಲೆಕ್ಕ ಮಾಡುತ್ತಿತ್ತು, ನಾನು ತಪ್ಪು ಲೆಕ್ಕಕ್ಕೆ ಕರೆಂಟು ಕೊಡುತ್ತಿದ್ದೆ. ರಿಪೇರಿಗೆ ಕೊಂಡೊಯ್ದ ಅಂಗಡಿಯವರು ಮದರ್‌ಬೋರ್ಡನ್ನೇ ಬದಲಿಸಬೇಕೆಂದರು. ಮನೆಗೆ ತಂದು ಬಿಚ್ಚಿ ನೋಡಿದಾಗ ಪ್ರೊಸೆಸರಿನ ಮೇಲಿನ, ಕಾವನ್ನು ಹೊರಹಾಕುವ ಹೀಟ್‌ಸಿಂಕಿನಲ್ಲಿ ಕಂಬಳಿಯಂತೆ ದೂಳು ಕೂತಿತ್ತು, ಎರಡರ ನಡುವೆ ಕಾವು ಸಾಗಿಸುವ ಪೇಸ್ಟು ಒಣಗಿ ಸುಣ್ಣವಾಗಿತ್ತು. ಒಂದು ಹಳೆಯ ಪೇಂಟ್ ಬ್ರಷ್ಷು ಮತ್ತು ಪೇಸ್ಟಿನ ಚಿಕ್ಕ ಟ್ಯೂಬಿನಿಂದ ಸರಿಹೋಯಿತು. ಡೇರಿಯಲ್ಲಿ ಹಾಲನ್ನು ಪರೀಕ್ಷಿಸದೆ ಕ್ಯಾನಿಗೆ ಸುರಿಯುವುದಿಲ್ಲ; ಹಾಗೆಯೇ ಇಲ್ಲಿಯೂ ಕೆಟ್ಟ ಉತ್ತರ ತಡೆಯಲ್ಪಡುತ್ತದೆ ಎಂಬುದೊಂದೇ ಸಮಾಧಾನ. ಕೆಟ್ಟ ಹಾಲು ತಂದವನಿಗೆ ಮೇವಿನ ಖರ್ಚಂತೂ ತಪ್ಪುವುದಿಲ್ಲ.

ಇನ್ನೊಂದು ಮಾತು. ಮನೆಯ ಕಂಪ್ಯೂಟರುಗಳ ಕಾಲ ಮುಗಿಯುತ್ತ ಬಂದಿದೆಯೇ ಎಂದೂ ಯೋಚಿಸಬೇಕು. 1996ರಿಂದ ನಡೆಯುತ್ತಿರುವ ಗಿಂಪ್ಸ್ ಯೋಜನೆಯಲ್ಲಿ ಸ್ವಯಂಸೇವಕರು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು, ಎಂದರೆ 2ರ ಯಾವುದಾದರೂ ಘಾತದಿಂದ 1 ಕಳೆದಾಗ ಸಿಗುವ ಅವಿಭಾಜ್ಯಗಳನ್ನು, ಹುಡುಕುತ್ತಾರೆ. 2024ರ ಅಕ್ಟೋಬರಿನಲ್ಲಿ ಸಿಕ್ಕ ಸಂಖ್ಯೆ, ಎಂದರೆ 2ರ 13,62,79,841ನೇ ಘಾತದಿಂದ 1 ಕಳೆದದ್ದು, 4,10,24,320 ಅಂಕಿಗಳಷ್ಟು ಉದ್ದವಿದೆ. ಅದಕ್ಕೂ ಮೊದಲು ಆ ಯೋಜನೆಯವರು ಕಂಡುಹಿಡಿದ ಮರ್ಸೆನ್ ಅವಿಭಾಜ್ಯಗಳೆಲ್ಲ ಸಾಧಾರಣ ಕಂಪ್ಯೂಟರುಗಳಲ್ಲಿ ಸಿಕ್ಕವು. ಇದು ಮಾತ್ರ ಒಬ್ಬರು ಹಲವು ದೇಶಗಳ ದತ್ತಾಂಶ ಕೇಂದ್ರಗಳಲ್ಲಿ ಬಾಡಿಗೆಗೆ ಹಿಡಿದ ಗ್ರಾಫಿಕ್ಸ್ ಪ್ರೊಸೆಸರುಗಳಲ್ಲಿ ಸಿಕ್ಕಿತು.

---

ಅಂತರಗಂಗೆ, ಕೋಲಾರ

ನಾನು ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಲೆಕ್ಕಿಗರ ಕೊನೆಯ ಮಾತನ್ನು ನಮ್ಮ ತರಗತಿಯಲ್ಲಿಯೂ ಬೇರೆ ರೂಪದಲ್ಲಿ ಕೇಳುತ್ತಾರೆ: ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮು ಬಂದು ಪ್ರೋಟೀನುಗಳ ಆಕಾರವನ್ನು ನಿಮಿಷಗಳಲ್ಲಿ ಹೇಳುತ್ತಿರುವಾಗ, ಫೋಲ್ಡಿಂಗ್ ಅಟ್ ಹೋಮ್‌ನಂಥ ಯೋಜನೆಗೆ ಕರೆಂಟು ಸುಡುವುದೇಕೆ ಎಂದು.

ಎರಡೂ ಬೇರೆ ಕೆಲಸಗಳು. ಆಲ್ಫಾಫೋಲ್ಡ್ ಕೊಡುವುದು ಮುಖ್ಯವಾಗಿ ಒಂದು ನಿಂತ ಚಿತ್ರವನ್ನು. ಮಡಚಿ ಮುಗಿದ ಪ್ರೋಟೀನು ಹೇಗಿರುತ್ತದೆ ಎಂಬುದನ್ನು. ಆದರೆ ಪ್ರೋಟೀನು ಜೀವಕೋಶದಲ್ಲಿ ನಿಂತಿರುವುದಿಲ್ಲ, ಅಲುಗಾಡುತ್ತದೆ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಔಷಧದ ಅಣು ಹೋಗಿ ಕೂರಬಹುದಾದ ಒಂದು ಸಂದು ಕ್ಷಣಕಾಲ ತೆರೆದು ಮಾಯವಾಗಬಹುದು, ನಿಂತ ಚಿತ್ರದಲ್ಲಿ ಅದು ಕಾಣಲಾರದು. 2000ದ ಅಕ್ಟೋಬರಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಫೋಲ್ಡಿಂಗ್ ಅಟ್ ಹೋಮ್ ಲೆಕ್ಕ ಹಾಕುವುದು ಈ ಚಲನೆಯನ್ನು. ಪ್ರತಿ ಪರಮಾಣುವಿನ ಮೇಲಿನ ಬಲವನ್ನು ಲೆಕ್ಕಹಾಕಿ, ಅದನ್ನು ಒಂದು ಸೆಕೆಂಡಿನ ಕೋಟಿ ಕೋಟಿ ಭಾಗದಷ್ಟು ಸಣ್ಣ ಹೆಜ್ಜೆ ಮುಂದಿಟ್ಟು, ಮತ್ತೆ ಬಲವನ್ನು ಲೆಕ್ಕಹಾಕಬೇಕು. ಒಂದೇ ಯಂತ್ರ ಇದನ್ನು ಮಾಡಿ ಮುಗಿಸುವುದು ಆಗದ ಮಾತು. ಬೇರೆ ಬೇರೆ ಭಂಗಿಗಳಿಂದ ಆರಂಭಿಸಿದ ಸಾವಿರಾರು ಚಿಕ್ಕ ಓಟಗಳನ್ನು ಹಂಚಿ, ಆಮೇಲೆ ಅವುಗಳನ್ನು ಸಂಖ್ಯಾಶಾಸ್ತ್ರದಿಂದ ಹೆಣೆಯುತ್ತಾರೆ. 2020ರಲ್ಲಿ ಕೊರೊನಾ ಕಾರಣ ಸ್ವಯಂಸೇವಕರು ನುಗ್ಗಿ ಬಂದಾಗ ಅದರ ಒಟ್ಟು ಸಾಮರ್ಥ್ಯ ಒಂದು ಎಕ್ಸಾಫ್ಲಾಪ್ ದಾಟಿತು, ಎಂದರೆ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಗಳಷ್ಟು ಲೆಕ್ಕಗಳು. ಆಗ ಜಗತ್ತಿನ ಯಾವ ಸೂಪರ್ ಕಂಪ್ಯೂಟರಿಗೂ ಅಷ್ಟು ಶಕ್ತಿ ಇರಲಿಲ್ಲ. ವೈರಾಣುವಿನ ಮುಳ್ಳಿನ ಪ್ರೋಟೀನು ಹೇಗೆ ತೆರೆದುಕೊಳ್ಳುತ್ತದೆ ಎಂಬುದರ ಲೆಕ್ಕ 2021ರಲ್ಲಿ ನೇಚರ್ ಕೆಮಿಸ್ಟ್ರಿ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮೇಷ್ಟ್ರಿಗೆ ನನ್ನದೊಂದು ಎಚ್ಚರಿಕೆ: ಫೋಲ್ಡಿಂಗ್ ಅಟ್ ಹೋಮ್ ಬೋಯಿಂಕ್‌ನ ಭಾಗವಲ್ಲ, ಅದರ ತಂತ್ರಾಂಶ ಬೇರೆ. ಅದು ಗ್ರಾಫಿಕ್ಸ್ ಕಾರ್ಡನ್ನು ಬಹಳ ಇಷ್ಟಪಡುತ್ತದೆ, ಗಡುವುಗಳೂ ಬಿಗಿ. ದಿನಕ್ಕೆ ಕೆಲವೇ ಗಂಟೆ ಕೊಡುವವರಿಗೆ ಅದು ಹೊಂದುವುದಿಲ್ಲ. ಹಾಗೆಯೇ, ಮನೆಯ ಕಂಪ್ಯೂಟರು ಸರಿಹೋಯಿತೆಂದು ಹಳೆಯ ಶಾಲೆಯ ಲ್ಯಾಬಿನ ಕಂಪ್ಯೂಟರುಗಳಿಗೆ ಇದನ್ನು ಹಾಕಿಬಿಡಬೇಡಿ; ಲಿಖಿತ ಅನುಮತಿಯಿಲ್ಲದೆ ಸಂಸ್ಥೆಯ ಯಂತ್ರಗಳಲ್ಲಿ ಇಂಥ ತಂತ್ರಾಂಶ ಹಾಕಿ ಅಮೆರಿಕದಲ್ಲಿ ಒಬ್ಬರು ನ್ಯಾಯಾಲಯದವರೆಗೆ ಹೋಗಬೇಕಾಗಿ ಬಂದಿತ್ತು.

---

ಉತ್ತರ ಪಿನಾಕಿನಿ, ಗೌರಿಬಿದನೂರು

ಲೆಕ್ಕಿಗರ ಲೆಕ್ಕವನ್ನು ಒಪ್ಪುತ್ತೇನೆ, ಕರೆಂಟಿನ ಪ್ರಶ್ನೆಯನ್ನು ಬಿಟ್ಟದ್ದು ನನ್ನದೇ ತಪ್ಪು. ಆದರೆ ಅವರು ಹೇಳಿದ ಗಾತ್ರದಲ್ಲಿಯೇ ಈ ಕೆಲಸವನ್ನು ಮಾಡಬೇಕೆಂದಿಲ್ಲ. ಮೇಷ್ಟ್ರೇ, ಮೂರು ಬದಲಾವಣೆ ಮಾಡಿ ನೋಡಿ. ಬೋಯಿಂಕ್‌ನ ಆಯ್ಕೆಗಳಲ್ಲಿ ಆರು ಕೋರ್‌ಗಳ ಪೈಕಿ ಮೂರನ್ನು ಮಾತ್ರ ಬಳಸುವಂತೆ ಶೇಕಡಾ 50 ಎಂದು ಇಡಿ. ಅದರ ಕೆಳಗೇ ಸಿಪಿಯು ಸಮಯದ ಶೇಕಡಾವಾರು ಎಂಬ ಇನ್ನೊಂದು ಆಯ್ಕೆ ಇದೆ, ಅದನ್ನು ಮುಟ್ಟಬೇಡಿ. ಅದು ಯಂತ್ರವನ್ನು ಕ್ಷಣಕ್ಕೊಮ್ಮೆ ಓಡಿಸಿ ನಿಲ್ಲಿಸುತ್ತದೆ, ಫ್ಯಾನು ಏರಿಳಿಯುತ್ತಾ ಇರುತ್ತದೆ. ಎರಡನೆಯದಾಗಿ, ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿ. ಒಂದೇ ಅಂಕ ಎಂದು ನಗಬೇಡಿ. ಬಹುಪಾಲು ಯಂತ್ರಗಳಲ್ಲಿ ಅದರಿಂದ ಟರ್ಬೊ ವೇಗ, ಎಂದರೆ ಪ್ರೊಸೆಸರ್ ತನ್ನ ಮಾಮೂಲಿ ವೇಗವನ್ನು ಮೀರಿ ಓಡುವುದು, ನಿಲ್ಲುತ್ತದೆ, ವಿದ್ಯುತ್ತೂ ಕಾವೂ ಗಣನೀಯವಾಗಿ ತಗ್ಗುತ್ತವೆ, ಕೆಲಸ ಅಷ್ಟೇನೂ ತಗ್ಗುವುದಿಲ್ಲ. ಕೊನೆಯದಾಗಿ, ಗ್ರಾಫಿಕ್ಸ್ ಕಾರ್ಡಿನ ಬಳಕೆಯನ್ನು ಪೂರ್ತಿ ನಿಲ್ಲಿಸಿ. ಮುಂಚೆಯೇ ಇಳಿಸಿಟ್ಟುಕೊಳ್ಳುವ ಕೆಲಸದ ದಾಸ್ತಾನನ್ನು ಅರ್ಧ ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಗಡುವು ತಪ್ಪುವುದು ಅದರಿಂದಲೇ.

ಯಾವ ಹೊತ್ತಿನಲ್ಲಿ ಓಡಿಸಬೇಕೆಂಬುದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ರಾತ್ರಿಯಾದರೆ ತಂಪು. ಆದರೆ ಸೌರ ವಿದ್ಯುತ್ತು ಜಾಲಕ್ಕೆ ಬರುವುದು ಹಗಲಿನಲ್ಲಿ. ನಿಮ್ಮ ಜಿಲ್ಲೆಯ ಪಾವಗಡದಲ್ಲಿಯೇ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ, ಬಿಸಿಲು ಕಾಯುವ ಹೊತ್ತಿಗೇ ಅದರ ಉತ್ಪಾದನೆಯೂ ಹೆಚ್ಚು. ಹಾಗಾಗಿ ನಾನು ಜೂನ್‌ನಿಂದ ಫೆಬ್ರವರಿಯವರೆಗೆ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಓಡಿಸುತ್ತೇನೆ, ಮಾರ್ಚ್‌ನಿಂದ ಮೇವರೆಗೆ ಪೂರ್ತಿ ನಿಲ್ಲಿಸುತ್ತೇನೆ. ಮನೆಯ ಇನ್ವರ್ಟರ್ ಮೇಲೆ ಇದು ಓಡಬಾರದು. ಕಂಪ್ಯೂಟರಿಗೆ ಯುಎಸ್‌ಬಿ ತಂತಿಯಿಂದ ಜೋಡಿಸುವ ಯುಪಿಎಸ್ ಇದ್ದರೆ ವಿಂಡೋಸ್ ಅದನ್ನು ಬ್ಯಾಟರಿ ಎಂದು ತಿಳಿಯುತ್ತದೆ, ಕರೆಂಟು ಹೋದ ಕೂಡಲೇ ಬೋಯಿಂಕ್ ತಾನಾಗಿ ಸುಮ್ಮನಾಗುತ್ತದೆ. ಗೋಡೆಯ ಇನ್ವರ್ಟರಿಗೆ ಆ ಸೂಚನೆ ಕೊಡುವ ದಾರಿಯಿಲ್ಲ, ನೀವೇ ಎದ್ದು ನಿಲ್ಲಿಸಬೇಕು.

ದತ್ತಾಂಶ ಕೇಂದ್ರಗಳ ಮುಂದೆ ನಾವು ಚಿಕ್ಕವರು ಎಂಬುದು ನಿಜ. ಆದರೆ ಆ ಕೇಂದ್ರಗಳ ಬಾಡಿಗೆ ಕಟ್ಟಲು ಹಣವಿಲ್ಲದ ಸಂಶೋಧಕರೂ ಇದ್ದಾರೆ. ಈ ಯೋಜನೆಗಳು ಉಳಿದಿರುವುದು ಅಂಥವರಿಂದ.

---

ಕೋಲಾರದ ಲೆಕ್ಕಿಗ

ಈ ಗಾತ್ರಕ್ಕಾದರೆ ನನ್ನ ಆಕ್ಷೇಪ ಇಳಿಯಿತು. ಒಂದು ಪ್ರಶ್ನೆ ಮಾತ್ರ ಉಳಿಯಿತು: ಉಚಿತ ಮಿತಿಯೊಳಗಿನ ಯೂನಿಟ್ಟುಗಳಲ್ಲಿ ಇದನ್ನು ಮಾಡಿದರೆ ದಾನ ಕೊಟ್ಟವರು ಮೇಷ್ಟ್ರೋ, ಸರ್ಕಾರವೋ?

---

ಕ್ಯಾತ್ಸಂದ್ರದ ಮೇಷ್ಟ್ರು, ತುಮಕೂರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು.

ಮೊದಲು ಪ್ಲಗ್ಗಿಗೆ ಹಾಕುವ ಒಂದು ವಿದ್ಯುತ್ ಮೀಟರನ್ನು ಕೊಂಡು ತಂದೆ, ಅಂದಾಜಿನ ಮೇಲೆ ನಡೆಯುವುದು ಬೇಡವೆಂದು. ಸುಮ್ಮನಿರುವಾಗ 48 ವ್ಯಾಟ್. ಎಲ್ಲ ಕೋರ್‌ಗಳೂ ದುಡಿಯುವಾಗ 127. ಮೂರು ಕೋರ್, ಶೇಕಡಾ 99 ಎಂದು ಇಟ್ಟಾಗ 74. ಆ ಒಂದು ಅಂಕದ ಪ್ರಭಾವವನ್ನು ನಾನು ನಂಬಿರಲಿಲ್ಲ, ಹತ್ತು ಸಲ ಬದಲಿಸಿ ನೋಡಿದೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಓಡಿಸುತ್ತಿದ್ದೇನೆ, ನನ್ನ ಎರಡು ಗಂಟೆಯ ಕೆಲಸವನ್ನೂ ಅದೇ ಹೊತ್ತಿಗೆ ಸರಿಸಿಕೊಂಡಿದ್ದೇನೆ. ದಿನಕ್ಕೆ 444 ವ್ಯಾಟ್-ಗಂಟೆ. ಅದರಲ್ಲಿ ಮೊದಲಿನಿಂದಲೂ ಆಗುತ್ತಿದ್ದ 96ನ್ನು ಕಳೆದರೆ ಹೆಚ್ಚುವರಿ 348. ಮೂವತ್ತು ದಿನಕ್ಕೆ 10.4 ಯೂನಿಟ್. ಮನೆಯವಳ ಮುಂದೆ ಕಾಗದ ಇಟ್ಟು ವಿವರಿಸಿದೆ, 11ರ ಗೆರೆಗೆ ಬಹಳ ಹತ್ತಿರವಿದೆ ಎಂದು ಅವಳು ಭಾನುವಾರ ರಜೆ ಕೊಡಿಸಿದ್ದಾಳೆ. ಈಗ 9 ಯೂನಿಟ್.

ಲೆಕ್ಕಿಗರ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಗೃಹಬಳಕೆಯ ಮಿತಿಯೊಳಗೆ ಟಿವಿ ನೋಡಿದರೂ ಲೆಕ್ಕ ಮಾಡಿಸಿದರೂ ಒಂದೇ ಎಂದು ವಾದಿಸಬಹುದು, ಆದರೆ ಟಿವಿ ನೋಡುವವನು ತಾನು ದಾನಿ ಎಂದು ಹೇಳಿಕೊಳ್ಳುವುದಿಲ್ಲ. ಆದ್ದರಿಂದ ನಾನೂ ಹೇಳಿಕೊಳ್ಳುತ್ತಿಲ್ಲ.

ಐನ್‌ಸ್ಟೈನ್ ಅಟ್ ಹೋಮ್‌ನಿಂದ ಇದುವರೆಗೆ ಬಂದ ತುಂಡುಗಳಲ್ಲಿ ಒಂದೂ ಗಡುವು ತಪ್ಪಿಲ್ಲ. ಒಂದು ದಿನ ಮಧ್ಯಾಹ್ನ ಎರಡು ಗಂಟೆ ಕರೆಂಟಿರಲಿಲ್ಲ. ಮರಳಿದ ಮೇಲೆ ನೋಡಿದರೆ ಶೇಕಡಾ 61ರಲ್ಲಿ ನಿಂತಿದ್ದ ಲೆಕ್ಕ 61ರಿಂದಲೇ ಹೊರಟಿತು. ಎರಡು ಉತ್ತರಗಳು ಇನ್ನೂ ಬಾಕಿ ಎಂದು ತೋರಿಸುತ್ತಿವೆ. ಜೊತೆಗಾರ ಕಂಪ್ಯೂಟರು ತನ್ನ ಉತ್ತರವನ್ನು ಕಳಿಸಿಲ್ಲವಂತೆ. ಆ ಕಂಪ್ಯೂಟರಿನ ಪುಟದಲ್ಲಿ ಅದು ಕೊನೆಯ ಬಾರಿ ಸರ್ವರನ್ನು ಸಂಪರ್ಕಿಸಿ ಎಂಟು ದಿನವಾಗಿದೆ ಎಂದಿದೆ. ಯಾವ ದೇಶದ್ದೋ ತಿಳಿಯದು. ಅಲ್ಲಿಯೂ ಕರೆಂಟು ಹೋಗಿರಬಹುದೇ ಎಂದುಕೊಂಡೆ.

ಒಂದು ಚಿಕ್ಕ ಪ್ರಶ್ನೆ ಉಳಿದಿದೆ. ಮಾರ್ಚ್ ಬಂದಾಗ ನಿಲ್ಲಿಸುವುದೆಂದರೆ ಕೈಯಲ್ಲಿರುವ ತುಂಡುಗಳನ್ನು ಹಾಗೆಯೇ ಬಿಟ್ಟು ಸ್ವಿಚ್ಚು ಆರಿಸಬಹುದೇ, ಅಥವಾ ಮರಳಿಸುವ ಕ್ರಮವೊಂದಿದೆಯೇ?

---

ಉತ್ತರ ಪಿನಾಕಿನಿ, ಗೌರಿಬಿದನೂರು

ಹಾಗೆಯೇ ಬಿಡಬೇಡಿ. ನಿಲ್ಲಿಸುವ ಎರಡು ದಿನ ಮೊದಲು ಯೋಜನೆಗಳ ಪುಟದಲ್ಲಿ ಹೊಸ ಕೆಲಸ ಬೇಡ ಎಂಬ ಗುಂಡಿಯನ್ನು ಒತ್ತಿ. ಇರುವುದನ್ನು ಮುಗಿಸಿ ಕಳಿಸಿದ ಮೇಲೆ ಯಂತ್ರ ತಾನಾಗಿ ಖಾಲಿಯಾಗುತ್ತದೆ. ಮುಗಿಸಲಾಗದ್ದು ಉಳಿದರೆ ಅದನ್ನು ರದ್ದು ಮಾಡಿ. ಗಡುವಿನವರೆಗೆ ಕಾಯದೆ ಕೂಡಲೇ ಬೇರೆಯವರಿಗೆ ಹೋಗುತ್ತದೆ. ನಿಮ್ಮ ಜೊತೆಗಾರ ಅಷ್ಟು ಮಾಡಿದ್ದರೆ ನಿಮ್ಮ ಎರಡು ಉತ್ತರಗಳು ಇಷ್ಟು ಹೊತ್ತಿಗೆ ತಾಳೆಯಾಗಿರುತ್ತಿದ್ದವು.

---

ಕೋಲಾರದ ಲೆಕ್ಕಿಗ

ನಿಲ್ಲಿಸಿದ ದಿನವೇ ಪಕ್ಕದ ಮುಚ್ಚಳ ತೆಗೆದು ಹೀಟ್‌ಸಿಂಕಿನ ದೂಳು ತೆಗೆಯಿರಿ. ಬ್ರಷ್ಷು ಒಣಗಿರಲಿ, ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಂಡು ತೆಗೆಯಿರಿ.